ಎರರ್ 53: ಬಟನ್ ಬದಲಾಯಿಸಿದ್ದಕ್ಕೆ ಫೋನೇ ಹೋದ ಪ್ರಕರಣ

2015ರ ಸೆಪ್ಟೆಂಬರ್. ಯುದ್ಧದಿಂದ ತಪ್ಪಿಸಿಕೊಂಡು ಬಂದ ಜನ ಬಾಲ್ಕನ್ ದೇಶಗಳನ್ನು ದಾಟಿ ಯುರೋಪಿನೊಳಕ್ಕೆ ಹೋಗುತ್ತಿದ್ದ ಕಾಲ. ಅದರ ಫೋಟೋ ತೆಗೆಯಲು ಹೋಗಿದ್ದ ಲಂಡನ್ನಿನ ಒಬ್ಬ ಫೋಟೋಗ್ರಾಫರ್ ಕೈಯಿಂದ ಐಫೋನ್ ಜಾರಿ ಬಿತ್ತು. ಸ್ಕ್ರೀನ್ ಹೋಯಿತು, ಹೋಮ್ ಬಟನ್ನೂ ಕೆಟ್ಟಿತು. ಮ್ಯಾಸಿಡೋನಿಯಾದಲ್ಲಿ ಆ್ಯಪಲ್‌ನ ಸ್ವಂತ ಅಂಗಡಿ ಇರಲಿಲ್ಲ, ಕೆಲಸಕ್ಕೆ ಫೋನ್ ಬೇಕೇ ಬೇಕಿತ್ತು. ಹತ್ತಿರದ ರಿಪೇರಿ ಅಂಗಡಿಗೆ ಕೊಟ್ಟರು. ಅಂಗಡಿಯವನು ಸ್ಕ್ರೀನ್ ಹಾಕಿದ, ಬಟನ್ ಹಾಕಿದ. ಫೋನ್ ಮೊದಲಿನ ಹಾಗೇ ಓಡಿತು.

ಅಲ್ಲಿಗೇ ಮುಗಿದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆಮೇಲೊಂದು ದಿನ ಹೊಸ ಸಾಫ್ಟ್‌ವೇರ್ ಬಂದಿದೆ, ಹಾಕಿಕೊಳ್ಳಿ ಅಂತ ಆ್ಯಪಲ್ ಕಡೆಯಿಂದಲೇ ಸೂಚನೆ ಬಂತು. ಎಲ್ಲರೂ ಮಾಡುವ ಹಾಗೆ ಇವರೂ ಸರಿ ಅಂತ ಒತ್ತಿದರು. ಕೆಲವೇ ಸೆಕೆಂಡಿನಲ್ಲಿ ಫೋನ್ ಸತ್ತಿತು. ಬಂದದ್ದು ಒಂದೇ ಸಾಲು: ಎರರ್ 53. ಲಂಡನ್ನಿಗೆ ಬಂದು ಆ್ಯಪಲ್ ಅಂಗಡಿಯಲ್ಲಿ ತೋರಿಸಿದರೆ ಇದಿನ್ನು ಕಸ, ನಮ್ಮ ಕೈಲಿ ಏನೂ ಆಗಲ್ಲ ಅಂದರು. 270 ಪೌಂಡ್ ಕೊಟ್ಟು ಬೇರೆ ಫೋನ್ ತಗೊಳ್ಳಬೇಕಾಯಿತು.

2016ರ ಫೆಬ್ರವರಿ 5ರಂದು ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಇದನ್ನು ಬರೆಯಿತು. ಬರೆದ ಮೇಲೆ ಗೊತ್ತಾಯಿತು, ಇದು ಒಬ್ಬರ ಕಥೆಯಲ್ಲ. ಜನ ತಾವೇ ರಿಪೇರಿ ಮಾಡಿಕೊಳ್ಳಲು ಕೈಪಿಡಿ ಬರೆದು ಹಾಕುವ ಐಫಿಕ್ಸಿಟ್ ಅನ್ನುವ ಅಮೆರಿಕದ ಸಂಸ್ಥೆಯವರ ಎರರ್ 53 ಪುಟವನ್ನು ಅಷ್ಟರಲ್ಲಾಗಲೇ 1,80,000ಕ್ಕೂ ಹೆಚ್ಚು ಬಾರಿ ಜನ ತೆರೆದಿದ್ದರು. ಸುಮ್ನೆ ಕುತೂಹಲಕ್ಕೆ ಯಾರೂ ಇಂಥ ಪುಟ ತೆರೆಯುವುದಿಲ್ಲ, ಅಲ್ವಾ?

ಬಟನ್ ಒಳಗೆ ಏನಿತ್ತು

ಐಫೋನ್ 6 ಮತ್ತು 6 ಪ್ಲಸ್ ಮಾರುಕಟ್ಟೆಗೆ ಬಂದದ್ದು 2014ರ ಸೆಪ್ಟೆಂಬರ್‌ನಲ್ಲಿ. ಇವುಗಳ ಹೋಮ್ ಬಟನ್ ಬರೀ ಒತ್ತುವ ಗುಂಡಿಯಲ್ಲ. ಅದರೊಳಗೆ ಬೆರಳಚ್ಚು ಓದುವ ಸೆನ್ಸರ್ ಇದೆ, ಹೆಸರು ಟಚ್ ಐಡಿ. ಓದಿದ ಬೆರಳಚ್ಚು ಮುಖ್ಯ ಪ್ರೊಸೆಸರ್ ಒಳಗೇ ಪ್ರತ್ಯೇಕವಾಗಿರುವ ಸೆಕ್ಯೂರ್ ಎನ್‌ಕ್ಲೇವ್ ಎಂಬ ಭಾಗಕ್ಕೆ ಹೋಗುತ್ತದೆ. ಈ ಸೆನ್ಸರ್‌ಗೂ ಆ ಭಾಗಕ್ಕೂ ಫ್ಯಾಕ್ಟರಿಯಲ್ಲೇ ಒಂದು ಗುಟ್ಟಿನ ಕೀಲಿ ಹಂಚಿ ಜೋಡಿ ಮಾಡಿರುತ್ತಾರೆ. ಈ ಫೋನಿಗೆ ಈ ಬಟನ್, ಅಷ್ಟೇ. ಬೇರೆ ಐಫೋನ್ 6ರಿಂದ ಬಿಚ್ಚಿದ ಒರಿಜಿನಲ್ ಬಟನ್ ಹಾಕಿದರೂ ಒಪ್ಪುವುದಿಲ್ಲ. ಹಸು ಕರುವನ್ನು ಮೂಸಿ ನೋಡಿ ತನ್ನದಲ್ಲ ಅಂತ ಒದೆಯುತ್ತದಲ್ಲ, ಹಾಗೆ.

ಇದಕ್ಕೆ ಕಾರಣ ಇಲ್ಲ ಅಂತ ನಾನು ಹೇಳುವುದಿಲ್ಲ. ಯಾರೋ ಕಳ್ಳ ಸೆನ್ಸರ್ ತಯಾರಿಸಿ ನಿಮ್ಮ ಫೋನಿಗೆ ಹಾಕಿ, ಅದರ ಮೂಲಕ ಸುಳ್ಳು ಬೆರಳಚ್ಚು ಒಳಗೆ ಕಳಿಸಬಹುದು ಅನ್ನುವುದು ನಿಜವಾದ ಭಯವೇ. ಫೋನಲ್ಲಿ ಬ್ಯಾಂಕು, ದುಡ್ಡು, ಮನೆಯವರ ಫೋಟೋ ಎಲ್ಲಾ ಇರುತ್ತದೆ. ಗುರುತು ಸಿಗದ ಸೆನ್ಸರ್ ಹೇಳಿದ್ದನ್ನು ಫೋನ್ ನಂಬಬಾರದು. ಇದು ಸರಿ.

ಆದರೆ ನಂಬಬಾರದು ಅಂದರೆ ಏನು ಮಾಡಬೇಕು? ಬೆರಳಚ್ಚು ಕೆಲಸ ಮಾಡದ ಹಾಗೆ ಮಾಡಿ, ಪಾಸ್‌ಕೋಡ್ ಕೇಳಿದರೆ ಸಾಕು. ಇಲ್ಲೊಂದು ತಮಾಷೆ ಇದೆ, ಫೋನ್ ದಿನನಿತ್ಯ ಮಾಡುತ್ತಿದ್ದದ್ದೂ ಅದನ್ನೇ. ಬೇರೆ ಬಟನ್ ಹಾಕಿದ ಫೋನಿನಲ್ಲಿ ಟಚ್ ಐಡಿ ಕೆಲಸ ಮಾಡುತ್ತಿರಲಿಲ್ಲ, ಬಟನ್ ಒತ್ತಿದರೆ ಹೋಮ್ ಸ್ಕ್ರೀನಿಗೆ ಹೋಗುತ್ತಿತ್ತು, ಉಳಿದದ್ದೆಲ್ಲ ಸರಿ ಇತ್ತು. ಅಂದರೆ ಕಳ್ಳ ಸೆನ್ಸರಿನ ಸಮಸ್ಯೆಗೆ ಉತ್ತರ ಫೋನಿನೊಳಗೇ ಇತ್ತು, ಅದು ಓಡುತ್ತಲೂ ಇತ್ತು. ಸಾಫ್ಟ್‌ವೇರ್ ಅಪ್‌ಡೇಟ್ ಮಾಡುವಾಗ, ಅಥವಾ ಫೋನನ್ನು ಕಂಪ್ಯೂಟರ್‌ಗೆ ಸಿಕ್ಕಿಸಿ ರೀಸ್ಟೋರ್ ಮಾಡುವಾಗ (ಸಾಫ್ಟ್‌ವೇರನ್ನು ಹೊಸದಾಗಿ ತುಂಬುವಾಗ) ಮಾತ್ರ ಇನ್ನೊಂದು ಪರೀಕ್ಷೆ ನಡೆಯುತ್ತಿತ್ತು. ಅದರಲ್ಲಿ ಫೇಲಾದರೆ ಇಡೀ ಫೋನ್ ಬಂದ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಕೊರೆಯುವುದು ಈ ಸಮಯದ ಅಂತರ. ರಿಪೇರಿ ಆದದ್ದು ಯಾವತ್ತೋ. ಫೋನ್ ಸತ್ತದ್ದು ಇನ್ಯಾವತ್ತೋ, ಅದೂ ಕಂಪನಿಯೇ ಹಾಕಿಕೊಳ್ಳಿ ಅಂತ ಕಳಿಸಿದ ಅಪ್‌ಡೇಟ್ ಹಾಕಿದಾಗ. ರಿಪೇರಿ ಮಾಡಿದವನು ಅವತ್ತು ಪರೀಕ್ಷೆ ಮಾಡಿಯೇ ಕೊಟ್ಟಿರುತ್ತಾನೆ, ಗಿರಾಕಿಯೂ ನೋಡಿಯೇ ದುಡ್ಡು ಕೊಟ್ಟಿರುತ್ತಾನೆ, ಇಬ್ಬರಿಗೂ ಏನೂ ಕಂಡಿರುವುದಿಲ್ಲ. ಆಮೇಲೆ ಬಂದ ಸಂಖ್ಯೆಯಾದರೂ ಏನಾದರೂ ಹೇಳುತ್ತದಾ ಅಂದರೆ ಅದೂ ಇಲ್ಲ. ನಿಮ್ಮ ಹೋಮ್ ಬಟನ್ ಈ ಫೋನಿನದ್ದಲ್ಲ ಅಂತ ಒಂದು ವಾಕ್ಯ ಬರೆದಿದ್ದರೆ ಎಷ್ಟೋ ಜನಕ್ಕೆ ದಾರಿ ಕಾಣುತ್ತಿತ್ತು. 53 ಅಂದರೆ ಯಾರಿಗೆ ಏನು ಗೊತ್ತಾಗಬೇಕು?

ಇನ್ನೂ ವಿಚಿತ್ರ ಅಂದರೆ ರಿಪೇರಿಯನ್ನೇ ಮಾಡಿಸದವರಿಗೂ ಇದು ಬಂತು ಅನ್ನುವ ದೂರುಗಳು ಇದ್ದವು. ಫೋನ್ ಬಿದ್ದು ಬಟನ್ ಸ್ವಲ್ಪ ಕೆಟ್ಟಿದೆ, ಆದರೂ ಹೇಗೋ ನಡೆಯುತ್ತಿದೆ ಅಂತ ಇಟ್ಟುಕೊಂಡವರು ಅಪ್‌ಡೇಟ್ ಹಾಕಿ ಸಿಕ್ಕಿಬಿದ್ದರು. ಕಳ್ಳ ಸೆನ್ಸರ್ ಎಲ್ಲಿಂದ ಬಂತು ಇಲ್ಲಿ?

ಮೇಜಿನ ಮೇಲೆ ಬಿಚ್ಚಿದಾಗ

ಹೊರಗಿನ ರಿಪೇರಿಯವರು ಕಳಪೆ ಕೆಲಸ ಮಾಡಿದ್ದರಿಂದ ಹೀಗಾಯಿತು ಅನ್ನುವ ಮಾತು ಆಗ ಬಹಳ ಓಡಾಡಿತು. ಹಾಗಾಗಿ ಕೆಲಸ ಹೇಗಿರುತ್ತದೆ ಅಂತ ಸ್ವಲ್ಪ ಹೇಳುತ್ತೇನೆ.

ಐಫೋನ್ 6ರ ಸ್ಕ್ರೀನ್ ಬದಲಾಯಿಸಲು ಮೊದಲು ಚಾರ್ಜರ್ ಸಿಕ್ಕಿಸುವ ಜಾಗದ ಎರಡೂ ಬದಿಯ ಸಣ್ಣ ಸ್ಕ್ರೂ ಬಿಚ್ಚಬೇಕು. ಅವಕ್ಕೆ ಮನೆಯಲ್ಲಿರುವ ಸ್ಟಾರ್ ಸ್ಕ್ರೂ ಡ್ರೈವರ್ ಹಿಡಿಯುವುದಿಲ್ಲ. ಐದು ಎಸಳಿನ ಹೂವಿನ ಥರದ ತಲೆ, ಅದಕ್ಕೆಂದೇ ಬೇರೆ ಡ್ರೈವರ್ ಬೇಕು. ಆಮೇಲೆ ರಬ್ಬರ್ ಬಟ್ಟಲಿನಿಂದ ಸ್ಕ್ರೀನ್ ಎಳೆದು ಡಬ್ಬಿಯ ಮುಚ್ಚಳದ ಹಾಗೆ ಎತ್ತಬೇಕು. ಒಳಗಿನ ಕೇಬಲ್‌ಗಳನ್ನು ಬಿಚ್ಚಿದರೆ ಸ್ಕ್ರೀನ್ ಕೈಗೆ ಬರುತ್ತದೆ. ಆದರೆ ಹೋಮ್ ಬಟನ್ ಕೂತಿರುವುದು ಆ ಸ್ಕ್ರೀನಿನ ಮೇಲೆಯೇ! ಅಂದರೆ ಬಟನ್ ಚೆನ್ನಾಗಿದ್ದು ಗಾಜು ಮಾತ್ರ ಒಡೆದಿದ್ದರೂ, ಹಳೇ ಸ್ಕ್ರೀನಿನಿಂದ ಬಟನ್ ಬಿಡಿಸಿ ಹೊಸದಕ್ಕೆ ಅಂಟಿಸಲೇಬೇಕು. ಬಟನ್ ಸುತ್ತ ರಬ್ಬರ್ ಅಂಚು ಅಂಟಿರುತ್ತದೆ. ಅದರ ಕೇಬಲ್ ಕಾಗದದಷ್ಟು ತೆಳು. ಬಿಸಿ ಮಾಡಿ ನಿಧಾನಕ್ಕೆ ಬಿಡಿಸಿದರೆ ಬರುತ್ತದೆ, ಆತುರಪಟ್ಟರೆ ಹರಿಯುತ್ತದೆ. ಎಷ್ಟೇ ಪಳಗಿದ ಕೈಯಾದರೂ ಒಂದು ದಿನ ಹರಿಯುತ್ತದೆ.

ಹರಿದರೆ ಮುಂದೇನು? ಹೊಸ ಬಟನ್ ಸಿಗುತ್ತದೆ, ಆದರೆ ಅದನ್ನು ಫೋನಿಗೆ ಹೊಸದಾಗಿ ಜೋಡಿ ಮಾಡುವ ಸಾಧನ ಆ್ಯಪಲ್ ಹತ್ತಿರ ಮಾತ್ರ ಇತ್ತು. ಹೊರಗಿನ ಅಂಗಡಿಗಳಿಗೆ ಕಂಪನಿ ಆಗ ಒರಿಜಿನಲ್ ಪಾರ್ಟ್ಸೂ ಕೊಡುತ್ತಿರಲಿಲ್ಲ, ಆ ಸಾಧನವೂ ಕೊಡುತ್ತಿರಲಿಲ್ಲ. ಪಾರ್ಟ್ ಕೊಡುವುದಿಲ್ಲ, ಜೋಡಿ ಮಾಡಲು ಬಿಡುವುದಿಲ್ಲ, ಆಮೇಲೆ ಜೋಡಿ ಸರಿಯಿಲ್ಲ ಅಂತ ಫೋನ್ ಬಂದ್ ಮಾಡುವುದು. ಇದನ್ನು ಕಳಪೆ ರಿಪೇರಿ ಅಂತ ಹೇಗೆ ಕರೆಯುವುದು?

ಒಂದೇ ಒಂದು ದಾರಿ ಇತ್ತು. ಹಳೇ ಬಟನ್ ಕೇಬಲ್ ಸಮೇತ ಸರಿಯಾಗಿದ್ದು ಅದನ್ನು ಯಾರಾದರೂ ಎಸೆಯದೆ ಇಟ್ಟಿದ್ದರೆ, ಮತ್ತೆ ಅದನ್ನೇ ಕೂರಿಸಿ ರೀಸ್ಟೋರ್ ಮಾಡಿದರೆ ಫೋನ್ ಏಳುತ್ತಿತ್ತು. ಹಳೇ ಬಟನ್ ಯಾರು ಇಡುತ್ತಾರೆ ಹೇಳಿ.

ಎರಡು ವಾರದಲ್ಲಿ ಎರಡು ಮಾತು

ಪತ್ರಿಕೆಯಲ್ಲಿ ಬಂದ ತಕ್ಷಣ ಆ್ಯಪಲ್ ಕೊಟ್ಟ ಉತ್ತರ: ಇದು ಗ್ರಾಹಕರ ರಕ್ಷಣೆಗೆ. ಜೋಡಿ ತಾಳೆಯಾಗದಿದ್ದರೆ ಯಾರಾದರೂ ಕೆಟ್ಟ ಸೆನ್ಸರ್ ಹಾಕಿ ಒಳಗೆ ನುಗ್ಗಬಹುದು, ಅದಕ್ಕೇ ಈ ಪರೀಕ್ಷೆ.

ಫೆಬ್ರವರಿ 18ಕ್ಕೆ ಮಾತು ಬದಲಾಯಿತು. ಐಫೋನ್ ಓಡಿಸುವ ಸಾಫ್ಟ್‌ವೇರ್ ಐಓಎಸ್ 9.2.1ರ ಹೊಸ ಆವೃತ್ತಿ ಬಿಟ್ಟರು. ಸತ್ತಿದ್ದ ಫೋನ್‌ಗಳನ್ನು ಕಂಪ್ಯೂಟರ್‌ಗೆ ಸಿಕ್ಕಿಸಿ ರೀಸ್ಟೋರ್ ಮಾಡಿದರೆ ಎದ್ದವು. ಜೊತೆಗೆ ಕ್ಷಮೆ ಕೇಳಿದರು. ಇದು ಫ್ಯಾಕ್ಟರಿಯಲ್ಲಿ ಮಾಡುವ ಪರೀಕ್ಷೆ, ಗ್ರಾಹಕರಿಗೆ ತಟ್ಟಬೇಕು ಅಂತ ಇರಲಿಲ್ಲ ಅಂದರು. ಇದರಿಂದಾಗಿ ದುಡ್ಡು ಕೊಟ್ಟು ಬೇರೆ ಫೋನ್ ತಗೊಂಡವರು ಹಣ ವಾಪಸ್ ಕೇಳಬಹುದು ಅಂತಲೂ ಹೇಳಿದರು. ಟಚ್ ಐಡಿ ಮಾತ್ರ ಮತ್ತೆ ಬರಲಿಲ್ಲ.

ಎರಡು ವಾರದ ಹಿಂದೆ ಬೇಕಂತಲೇ ಇಟ್ಟ ಕಾವಲು. ಈಗ ಕೈತಪ್ಪಿ ಉಳಿದ ಫ್ಯಾಕ್ಟರಿ ಪರೀಕ್ಷೆ. ಎರಡೂ ಒಟ್ಟಿಗೆ ನಿಜ ಆಗುವುದು ಕಷ್ಟ. ನನಗನಿಸುವುದು, ಎರಡನೆಯದು ನಿಜಕ್ಕೆ ಹತ್ತಿರ. ಬೇಕಂತಲೇ ಮಾಡಿದ್ದರೆ ಅಷ್ಟು ಬೇಗ ತೆಗೆಯುತ್ತಿರಲಿಲ್ಲ, ಸಂದೇಶವನ್ನೂ ಸ್ವಲ್ಪ ಅರ್ಥವಾಗುವ ಹಾಗೆ ಬರೆಯುತ್ತಿದ್ದರು. ಆದರೆ ಹಾಗಾದರೆ ಮೊದಲ ಮಾತು ಯಾಕೆ ಬಂತು ಅನ್ನುವ ಪ್ರಶ್ನೆ ಉಳಿಯುತ್ತದೆ. ಏನಾಗಿದೆ ಅಂತ ತಮಗೇ ಪೂರ್ತಿ ಗೊತ್ತಾಗುವ ಮೊದಲೇ ನಿಮ್ಮ ರಕ್ಷಣೆಗೆ ಅಂದುಬಿಟ್ಟರಾ?

ಇನ್ನೊಂದು ವಿಷಯ ನೋಡಿ. ಅದೇ ವಾರ, ಫೆಬ್ರವರಿ 16ರಂದು, ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದಲ್ಲಿ ಗುಂಡಿನ ದಾಳಿ ಮಾಡಿದವನ ಐಫೋನ್ ತೆರೆಯಲು ಎಫ್‌ಬಿಐಗೆ ಸಹಾಯ ಮಾಡಿ ಅಂತ ಅಮೆರಿಕದ ನ್ಯಾಯಾಲಯ ಆ್ಯಪಲ್‌ಗೆ ಹೇಳಿತ್ತು. ಆಗುವುದಿಲ್ಲ, ಗ್ರಾಹಕರ ಭದ್ರತೆ ಮುಖ್ಯ ಅಂತ ಆಗ ಆ್ಯಪಲ್ ಮುಖ್ಯಸ್ಥರಾಗಿದ್ದ ಟಿಮ್ ಕುಕ್ ಬಹಿರಂಗ ಪತ್ರ ಬರೆದರು. ಆ ಪತ್ರವನ್ನು ನಾನು ಇವತ್ತಿಗೂ ಒಪ್ಪುತ್ತೇನೆ. ಸರ್ಕಾರ ಕೇಳಿದರೂ ಬಾಗಿಲು ತೆರೆಯುವುದಿಲ್ಲ ಅನ್ನುವುದಕ್ಕೂ, ಮನೆಯ ಒಡೆಯನನ್ನೇ ಹೊರಗೆ ನಿಲ್ಲಿಸುವುದಕ್ಕೂ ಒಂದೇ ಪದ ಬಳಸಿದರು, ಭದ್ರತೆ ಅಂತ. ನನ್ನ ತಕರಾರು ಅಷ್ಟೇ.

ಕೋರ್ಟಿನಲ್ಲಿ ಆದದ್ದು, ಆಗದ್ದು

ಅಮೆರಿಕದಲ್ಲಿ ಫೆಬ್ರವರಿಯಲ್ಲೇ ಗ್ರಾಹಕರ ಪರವಾಗಿ ಸಾಮೂಹಿಕ ದಾವೆ ಬಿತ್ತು. ಜೂನ್‌ನಲ್ಲಿ ವಜಾ ಆಯಿತು. ಫೋನ್ ಸರಿಮಾಡಲು ದಾರಿ ಕೊಟ್ಟಾಗಿದೆ, ಹಣವೂ ವಾಪಸ್ ಕೊಡುತ್ತೇವೆ ಅಂದಾಗಿದೆ, ಇನ್ನೇನು ಅನ್ನುವುದು ಅದರಲ್ಲಿ ದೊಡ್ಡ ಮಾತಾಯಿತು. ಅಲ್ಲಿಗೆ ಮುಗಿಯಿತು ಅಂತ ಎಷ್ಟೋ ಜನ ಅಂದುಕೊಂಡರು.

ಮುಗಿಯದೇ ಇದ್ದದ್ದು ಆಸ್ಟ್ರೇಲಿಯಾದಲ್ಲಿ. ಅಲ್ಲಿನ ಗ್ರಾಹಕ ಕಾನೂನು ಸ್ವಲ್ಪ ಗಟ್ಟಿ. ಕೊಂಡ ವಸ್ತುವಿನಲ್ಲಿ ದೋಷ ಇದ್ದರೆ ರಿಪೇರಿ, ಬದಲಿ ಅಥವಾ ಹಣ ವಾಪಸ್ ಪಡೆಯುವ ಹಕ್ಕು ಕಾನೂನಿನಿಂದಲೇ ಬರುತ್ತದೆ. ಕಂಪನಿಯ ವಾರಂಟಿ ಚೀಟಿಗೂ ಅದಕ್ಕೂ ಸಂಬಂಧ ಇಲ್ಲ. ಅಲ್ಲಿನ ಸ್ಪರ್ಧೆ ಮತ್ತು ಗ್ರಾಹಕ ಆಯೋಗಕ್ಕೆ ಎರರ್ 53 ದೂರುಗಳು ಬಂದವು. ಆಯೋಗದವರು ಬಟನ್, ಸೆನ್ಸರ್, ಕೀಲಿ ಇದ್ಯಾವುದರ ಹಿಂದೆಯೂ ಬೀಳಲಿಲ್ಲ. ಬೇರೆ ಪ್ರಶ್ನೆ ಕೇಳಿದರು: ಸತ್ತ ಫೋನ್ ಹಿಡಿದು ಬಂದವರಿಗೆ ಕೌಂಟರಿನಲ್ಲಿ ನೀವು ಹೇಳಿದ್ದೇನು?

ಹೇಳಿದ್ದು ಇದು: ಹೊರಗೆ ರಿಪೇರಿ ಮಾಡಿಸಿದ್ದೀರಿ, ಹಾಗಾಗಿ ನಿಮಗೆ ಏನೂ ಸಿಗುವುದಿಲ್ಲ. 2015ರ ಫೆಬ್ರವರಿಯಿಂದ 2016ರ ಫೆಬ್ರವರಿವರೆಗೆ ಕನಿಷ್ಠ 275 ಗ್ರಾಹಕರಿಗೆ ಆ್ಯಪಲ್ ತನ್ನ ಅಮೆರಿಕದ ವೆಬ್‌ಸೈಟಿನಲ್ಲಿ, ಆಸ್ಟ್ರೇಲಿಯಾದ ಅಂಗಡಿಗಳಲ್ಲಿ ಮತ್ತು ಫೋನಿನಲ್ಲಿ ಈ ಮಾತು ಹೇಳಿತ್ತು. ಆಯೋಗದವರು ಇನ್ನೂ ಒಂದು ಕೆಲಸ ಮಾಡಿದರು, ನನಗೆ ಭಾರಿ ಇಷ್ಟವಾದದ್ದು. 2016ರ ಜೂನ್‌ನಲ್ಲಿ ಗಿರಾಕಿಗಳ ಹಾಗೆ ನಟಿಸಿ ಆ್ಯಪಲ್‌ನ 13 ಅಂಗಡಿಗಳಿಗೆ ಫೋನ್ ಮಾಡಿದರು. ನಮ್ಮ ಐಫೋನಿನ ಸ್ಪೀಕರ್ ಕೆಟ್ಟಿದೆ, ಸ್ಕ್ರೀನ್ ಮಾತ್ರ ಹಿಂದೆ ಹೊರಗಡೆ ಹಾಕಿಸಿದ್ದೆವು, ಸ್ಪೀಕರ್ ಪುಕ್ಕಟೆ ಸರಿಮಾಡಿ ಕೊಡುತ್ತೀರಾ ಅಂತ ಕೇಳಿದರು. ಸ್ಕ್ರೀನಿಗೂ ಸ್ಪೀಕರಿಗೂ ಏನು ಸಂಬಂಧ? ಆದರೂ ಆಯೋಗ ಕೋರ್ಟಿಗೆ ಹೇಳಿದ ಪ್ರಕಾರ ಎಲ್ಲಾ ಕಡೆಯೂ ಬಂದ ಉತ್ತರ ಒಂದೇ, ಇಲ್ಲ.

2017ರ ಏಪ್ರಿಲ್‌ನಲ್ಲಿ ಆಯೋಗ ಫೆಡರಲ್ ಕೋರ್ಟಿಗೆ ಹೋಯಿತು. 2018ರ ಜೂನ್‌ನಲ್ಲಿ ಕೋರ್ಟ್ 90 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಆಸ್ಟ್ರೇಲಿಯಾದ ಅಂಗಸಂಸ್ಥೆ ಆಡಿದ ಮಾತಿಗೆ ಅಮೆರಿಕದ ಮೂಲ ಕಂಪನಿಯೂ ಹೊಣೆ ಅಂದಿತು. ಬೇರೆಯವರು ರಿಪೇರಿ ಮಾಡಿದರು ಅನ್ನುವ ಒಂದೇ ಕಾರಣಕ್ಕೆ ಗ್ರಾಹಕನ ಹಕ್ಕು ಹೋಗುವುದಿಲ್ಲ ಅನ್ನುವುದು ಆಯೋಗದ ವಾದ, ಅದು ಗೆದ್ದಿತು. ಆಯೋಗ ತನಿಖೆಯ ವಿಷಯ ತಿಳಿಸಿದ ಮೇಲೆ ಆ್ಯಪಲ್ ತಾನಾಗಿಯೇ ಸುಮಾರು 5,000 ಜನರನ್ನು ಸಂಪರ್ಕಿಸಿ ಪರಿಹಾರ ಕೊಟ್ಟಿತ್ತು. ಸಿಬ್ಬಂದಿಗೆ ತರಬೇತಿ ಕೊಡುತ್ತೇವೆ ಅಂತ ಬರೆದೂ ಕೊಟ್ಟಿತು.

ಈ ತೀರ್ಪನ್ನು ರಿಪೇರಿ ಹಕ್ಕಿನ ದೊಡ್ಡ ಗೆಲುವು ಅಂತ ಹೊಗಳುವವರಿದ್ದಾರೆ. ಪೂರ್ತಿ ಹಾಗಲ್ಲ. ದಂಡ ಬಿದ್ದದ್ದು ಆಡಿದ ಮಾತಿಗೆ. ಬೀಗಕ್ಕೆ ಅಲ್ಲ. ಪಾರ್ಟಿಗೂ ಫೋನಿಗೂ ಗುಟ್ಟಿನ ಜೋಡಿ ಮಾಡಿ, ಜೋಡಿ ಮಾಡುವ ಸಾಧನ ತಾವೇ ಇಟ್ಟುಕೊಳ್ಳುವುದು ತಪ್ಪು ಅಂತ ಯಾವ ಕೋರ್ಟೂ ಇಲ್ಲಿ ಹೇಳಲಿಲ್ಲ.

ಹೇಳದೇ ಇದ್ದದ್ದರಿಂದ ಬೀಗ ಬೇರೆ ರೂಪದಲ್ಲಿ ವಾಪಸ್ ಬಂತು. 2016ರ ಸೆಪ್ಟೆಂಬರ್‌ನ ಐಫೋನ್ 7ರಲ್ಲಿ ಬೇರೆ ಬಟನ್ ಹಾಕಿದರೆ ಬೆರಳಚ್ಚು ಬಿಡಿ, ಹೋಮ್ ಸ್ಕ್ರೀನಿಗೆ ಹೋಗುವ ಕೆಲಸವನ್ನೂ ಅದು ಮಾಡುತ್ತಿರಲಿಲ್ಲ. (ಇದಕ್ಕೆ ಚೀನಾದವರು ಬ್ಲೂಟೂತ್ ಇರುವ ಬಟನ್ ಮಾಡಿ ಮಾರಿದರು. ಫೋನಿಗೇ ಅಂಟಿಕೊಂಡಿರುವ ಬಟನ್, ಫೋನಿನ ಜೊತೆ ಬ್ಲೂಟೂತ್‌ನಲ್ಲಿ ಮಾತಾಡುತ್ತದೆ. ತಲೆ ಅಂದರೆ ತಲೆ!) 2021ರ ಐಫೋನ್ 13ರಲ್ಲಿ ಸ್ಕ್ರೀನ್ ಬದಲಾಯಿಸಿದರೆ ಮುಖ ನೋಡಿ ಫೋನ್ ತೆರೆಯುವ ಫೇಸ್ ಐಡಿ ನಿಲ್ಲುತ್ತಿತ್ತು. ಉಳಿಸಬೇಕಾದರೆ ಹಳೇ ಸ್ಕ್ರೀನಿನಿಂದ ಒಂದು ಪುಟಾಣಿ ಚಿಪ್ ಕಿತ್ತು ಮೈಕ್ರೋಸ್ಕೋಪ್ ಕೆಳಗೆ ಹೊಸದಕ್ಕೆ ಬೆಸುಗೆ ಹಾಕಬೇಕು. ಜನ ಬೈದ ಮೇಲೆ ಐಓಎಸ್ 15.2ರಲ್ಲಿ ಅದನ್ನು ಬಿಟ್ಟರು.

ನೀವೇ ರಿಪೇರಿ ಮಾಡಿಕೊಳ್ಳಿ ಅನ್ನುವ ಯೋಜನೆಯನ್ನೂ 2022ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಶುರು ಮಾಡಿದರು. ಒರಿಜಿನಲ್ ಪಾರ್ಟ್ ಕೊಳ್ಳಬಹುದು, ಸಾಧನಗಳನ್ನು ವಾರಕ್ಕೆ 49 ಡಾಲರ್ ಬಾಡಿಗೆಗೆ ತರಿಸಬಹುದು. ಒಬ್ಬ ಪತ್ರಕರ್ತ ತನ್ನ ಪುಟ್ಟ ಐಫೋನಿಗೆ ಬ್ಯಾಟರಿ ಹಾಕಲು ತರಿಸಿದರೆ ಎರಡು ದೊಡ್ಡ ಪೆಟ್ಟಿಗೆ ಬಂದವು, ಒಟ್ಟು ತೂಕ ಸುಮಾರು 36 ಕಿಲೋ. ಮೂಗಿಗಿಂತ ಮೂಗುತಿ ಭಾರ ಅಂದರೆ ಇದೇ.

ಬೀಗವನ್ನೇ ಹೆಸರಿಟ್ಟು ಹಿಡಿದದ್ದು ಅಮೆರಿಕದ ಆರಿಗನ್ ರಾಜ್ಯ. 2024ರ ಮಾರ್ಚ್‌ನಲ್ಲಿ ಸಹಿ ಬಿದ್ದ ಅಲ್ಲಿನ ಕಾನೂನು, ಬೇರೆ ಪಾರ್ಟ್ ಹಾಕಿದ್ದಕ್ಕೆ ಸಾಫ್ಟ್‌ವೇರ್ ಮೂಲಕ ಕೆಲಸ ನಿಲ್ಲಿಸುವ ಅಥವಾ ಕಡಿಮೆ ಮಾಡುವ ಇಂಥ ಜೋಡಿಯನ್ನು ನಿಷೇಧಿಸುತ್ತದೆ. ಅದು 2025ರ ಜನವರಿ 1ರ ನಂತರ ತಯಾರಾದ ಸಾಧನಗಳಿಗೆ ಮಾತ್ರ. ಆ್ಯಪಲ್ ಅದನ್ನು ವಿರೋಧಿಸಿತ್ತು. ಕಾನೂನು ಬಂದ ಮುಂದಿನ ತಿಂಗಳೇ, ಬಳಸಿದ ಒರಿಜಿನಲ್ ಪಾರ್ಟ್ ಹಾಕಲು ದಾರಿ ಮಾಡಿಕೊಡುತ್ತೇವೆ ಅಂತ ಘೋಷಿಸಿತು. ಐಓಎಸ್ 18ರಲ್ಲಿ ಜೋಡಿ ಮಾಡುವ ಕೆಲಸ ಫೋನಿನಲ್ಲೇ ಆಗುವ ಹಾಗೆ ಬಂತು ಕೂಡ. 2014ರಲ್ಲಿ ಆ್ಯಪಲ್ ಕೈಯಲ್ಲಿ ಮಾತ್ರ ಆಗುತ್ತದೆ ಅಂತಿದ್ದ ಕೆಲಸ ಹತ್ತು ವರ್ಷಕ್ಕೆ ಸೆಟ್ಟಿಂಗ್ಸ್ ಒಳಗೆ ಬಂದು ಕೂತಿತು.

ನಮ್ಮಲ್ಲಿ? 2014ರ ಆಗಸ್ಟ್‌ನಲ್ಲೇ ಭಾರತೀಯ ಸ್ಪರ್ಧಾ ಆಯೋಗ, ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜುಗಳಿಗೆ ಕೊಡದೆ ಕಟ್ಟಿಹಾಕಿದ್ದಕ್ಕೆ 14 ಕಾರ್ ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಮೊಬೈಲ್ ವಿಷಯದಲ್ಲಿ 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿಗೆ ಒಂದು ಪೋರ್ಟಲ್ ತೆರೆದು, ಕಂಪನಿಗಳು ರಿಪೇರಿ ಮಾಹಿತಿ ಹಾಕಲು ಜಾಗ ಮಾಡಿತು. ಆದರೆ ಮಾಹಿತಿ ಬೇರೆ, ಬೀಗ ತೆರೆಯುವುದು ಬೇರೆ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ನಾನು ಮಾಮೂಲಾಗಿ ಹೋಗುವ ರಿಪೇರಿ ಹುಡುಗ ಬೆರಳಚ್ಚಿನ ಬಟನ್ ಇರುವ ಹಳೇ ಫೋನ್ ಬಂದರೆ ಮೊದಲೇ ಹೇಳಿಬಿಡುತ್ತಾನೆ: "ಸಾರ್, ಬಟನ್ ಕೇಬಲ್ ಹರಿದ್ರೆ ಬೆರಳು ಕೆಲ್ಸ ಮಾಡಲ್ಲ, ಆಮೇಲೆ ನನ್ನನ್ನ ಕೇಳ್ಬೇಡಿ." ಕೆಲಸ ಮುಗಿದ ಮೇಲೆ ಬಿಚ್ಚಿದ ಪಾರ್ಟನ್ನು ಒಂದು ಸಣ್ಣ ಪ್ಲಾಸ್ಟಿಕ್ ಕವರಿಗೆ ಹಾಕಿ, ಮೇಲೆ ಪೆನ್ನಿನಲ್ಲಿ ಫೋನ್ ಮಾಡೆಲ್ ಬರೆದು ಗಿರಾಕಿ ಕೈಗೇ ಕೊಡುತ್ತಾನೆ. ಇದು ಯಾಕಪ್ಪಾ, ಕೆಟ್ಟಿರೋದಲ್ವಾ ಅಂತ ಒಂದು ಸಲ ಕೇಳಿದ್ದೆ. "ಇಟ್ಕೊಳಿ ಸಾರ್, ಫೋನು ಯಾವತ್ತಾದ್ರೂ ಅದನ್ನೇ ಕೇಳ್ಬೋದು" ಅಂದ.